ಡೀಸೆಲ್ ಮುಳ್ಳಿನ ಮೇಲೆ ವಿಭೂತಿ

ಸ್ವಲ್ಪ ಕಾಯಬೇಕು. ವಿಮಾನದ ಮಾತಿನಿಂದ ಶುರು ಮಾಡುತ್ತೇನೆ, ಆದರೆ ಅದು ಭೀಮಾ ಸೇತುವೆಯ ಈಚೆ ನಿಂತುಬಿಟ್ಟ ಒಂದು ಜೀಪಿಗೆ ಹೋಗಿ ಮುಟ್ಟುತ್ತದೆ. ಆ ಜೀಪು ಬರುವತನಕ ಎದ್ದು ಹೋಗಬೇಡಿ.

ನಾನು ವಿಮಾನ ಹಾರಿಸಲು ಕಲಿತದ್ದು ಶಹಾಪುರದ ನಮ್ಮ ಮನೆಯ ಹಳೆಯ ಕಂಪ್ಯೂಟರಿನಲ್ಲಿ. ಕಲಿಸಿದವರು ಯಾರೂ ಇಲ್ಲ. ವಿಡಿಯೊ ನೋಡಿದೆ, ಸಿಕ್ಕ ಅಪಘಾತ ವರದಿಗಳನ್ನೆಲ್ಲ ಓದಿದೆ. ನಿಜವಾದ ವಿಮಾನ ಹತ್ತಿಲ್ಲ. ಕಂಪ್ಯೂಟರಿನಲ್ಲಿ ಬಹಳ ಸಲ ಇಳಿಸಿದ್ದೇನೆ, ಕೆಲವು ಸಲ ರನ್‌ವೇ ಮೇಲೆ.

ಹೊರಡುವ ಮುಂಚೆ ಪೈಲಟ್‌ಗಳಿಬ್ಬರೂ ಸೇರಿ ತಪಾಸಣೆ ಮಾಡಬೇಕು. ಒಬ್ಬರು ಓದುತ್ತಾರೆ, ಇನ್ನೊಬ್ಬರು ನೋಡಿ ಉತ್ತರ ಕೊಡುತ್ತಾರೆ. ದಿನಾ ಅದೇ ಪ್ರಶ್ನೆ, ಅದೇ ಉತ್ತರ. ಹಾಗಾಗಿ ಬರುಬರುತ್ತ ಕಣ್ಣು ಹೋಗುವ ಮೊದಲೇ ಬಾಯಿ ಉತ್ತರ ಕೊಟ್ಟಿರುತ್ತದೆ. ನೆಲದ ಮೇಲೆ ನಿಂತಾಗ ಧೂಳು ಹೋಗದಿರಲಿ ಎಂದು ವಿಮಾನದ ವೇಗ ಅಳೆಯುವ ಕೊಳವೆಗೆ ಒಂದು ಚೀಲ ತೊಡಿಸುತ್ತಾರೆ. ಅದನ್ನು ತೆಗೆಯದೆಯೇ ‘ನೋಡಿದೆ’ ಎಂದು ಹೇಳಿ ಹೊರಟವರಿದ್ದಾರೆ. ಅದನ್ನು ಓದಿದಾಗ, ಇವರಿಗೇನು ಕಣ್ಣಿರಲಿಲ್ಲವೇ ಅಂದುಕೊಂಡಿದ್ದೆ.

ಅಭ್ಯಾಸಕ್ಕೆ ನನಗೊಬ್ಬ ಜೊತೆ ಪೈಲಟ್ ಬೇಕಿತ್ತು. ನಮ್ಮ ಕಾಕಾ ಶಹಾಪುರ–ಸುರಪುರ ನಡುವೆ ಪ್ಯಾಸೆಂಜರ್ ಜೀಪು ಓಡಿಸುತ್ತಾರೆ. ದಿನಾ ಮುಂಜಾನೆ ಅವರು ಹೊರಡುವಾಗ ಪಕ್ಕದ ಸೀಟಿನಲ್ಲಿ ಕೂತು ಕೇಳುತ್ತಿದ್ದೆ.

“ಬ್ರೇಕ್?”

“ಹತ್ತತದ.”

“ಕನ್ನಡಿ?”

“ಕಾಣ್ತದ.”

“ಡೀಸೆಲ್?”

“ಅದ. ಇನ್ನ ಇಳೀತಿಯೇನ್ ಪೈಲಟವ್ವ? ಮಂದಿ ಕುಂತಾರ ಹಿಂದ.”

ಹೀಗಿರುವಾಗ ಹೈದರಾಬಾದಿನ ಒಂದು ತರಬೇತಿ ಕೇಂದ್ರದಿಂದ ಪರೀಕ್ಷೆಗೆ ಕರೆ ಬಂತು. ಪಾಸಾದರೆ ಫೀಸಿಲ್ಲದ ಸೀಟು. ಫೀಸು ಕಟ್ಟಿ ಕಲಿಯುವ ಮಾತು ನಮ್ಮ ಮನೆಯಲ್ಲಿ ಏಳುವುದೇ ಇಲ್ಲ. ಯಾದಗಿರಿಯಲ್ಲಿ ಬೆಳಗಿನ ರೈಲು ಹಿಡಿಯಬೇಕಿತ್ತು. ಅಲ್ಲಿಯವರೆಗೆ ಜೀಪಿನಲ್ಲಿ ಬಿಡುತ್ತೇನೆ ಎಂದರು ಕಾಕಾ. ರೈಲು ತಪ್ಪಿದರೆ ಪರೀಕ್ಷೆಯೂ ತಪ್ಪಿದಂತೆ.

ಹಿಂದಿನ ದಿನ ಅಮಾವಾಸ್ಯೆ. ಅಮಾವಾಸ್ಯೆಗೆ ಜೀಪಿಗೆ ಪೂಜೆ ಮಾಡುವವಳು ಕಾಕಾನ ಹೆಂಡತಿ, ನಮ್ಮ ಚಿಗವ್ವ. ಗಾಲಿಗೆ ಲಿಂಬೆಹಣ್ಣು, ಮುಂದಿನ ಗಾಜಿಗೆ ಕುಂಕುಮ, ಸ್ಟೇರಿಂಗಿನ ಹಿಂದಿರುವ ದುಂಡನೆಯ ಮೀಟರುಗಳಿಗೆ ಮೂರು ಬೆರಳಿನಿಂದ ಹಸಿ ವಿಭೂತಿ. ಅದು ಒಣಗಿ ತಾನಾಗಿ ಉದುರಬೇಕು, ಒರೆಸುವ ಹಾಗಿಲ್ಲ.

ಹೊರಡುವಾಗ ಎಂದಿನಂತೆ ಕೇಳಿದೆ. ಡೀಸೆಲ್ ಎಂದೆ. ಅದ ಎಂದರು. ಯಾದಗಿರಿಗೆ ಹೋಗುವ ವಯಸ್ಸಾದ ಒಬ್ಬ ಆಯಿ ಗಂಟು ಹಿಡಿದುಕೊಂಡು ಹಿಂದೆ ಹತ್ತಿದಳು. ಭೀಮಾ ಸೇತುವೆ ಎದುರಿಗೆ ಕಾಣುವಾಗ ಜೀಪು ಕೆಮ್ಮಿತು, ರಸ್ತೆಯ ಬದಿಗೆ ಸರಿಯಿತು, ನಿಂತಿತು.

“ಡೀಸೆಲ್ ಅದ ಅಂದ್ರಲ್ರಿ ಕಾಕಾ.”

“ನಿನ್ನಿ ತುಂಬ್ಸೀನಲ್ಲವ್ವ, ಪೂಜಿಗಿಂತ ಮೊದ್ಲ.” ಕಾಕಾ ಇನ್ನೊಮ್ಮೆ ಚಾವಿ ತಿರುಗಿಸಿದರು, ಜೀಪು ಏಳಲಿಲ್ಲ. “ಆಮ್ಯಾಲ ಮಂದಿ ಕರ್ಕೊಂಡು ಅಷ್ಟ ದೂರ ಕೊಡೇಕಲ್‌ಕ ಹೋಗಿ ಬಂದೀನಿ.”

“ಮುಳ್ಳು ನೋಡ್ಲಿಲ್ಲೇನ್ರಿ?”

“ಎಲ್ಲಿ ನೋಡ್ಲಿ? ಅದರ ಮ್ಯಾಲ ದೇವ್ರು ಕುಂತಾನ.”

ಮುಳ್ಳು ವಿಭೂತಿಯ ಹಿಂದಿತ್ತು. ಆ ವಿಭೂತಿ ಮನೆಯಿಂದ ಇಲ್ಲಿಯವರೆಗೆ ನನ್ನ ಕಣ್ಣೆದುರಿಗೇ ಇತ್ತು.

ದಾರಿಯಲ್ಲಿ ನನ್ನ ಪರೀಕ್ಷೆಯ ಸುದ್ದಿ ಕೇಳಿಸಿಕೊಂಡಿದ್ದ ಆಯಿ ಹಿಂದಿನಿಂದ ಕೇಳಿದಳು, “ಯವ್ವಾ, ನೀ ಕಲಿಯೋ ವಿಮಾನಾನೂ ಹಿಂಗ ನಿಂದರ್ತಾವೇನ?”

“ಇಲ್ಲಬೇ ಆಯಿ. ಅವು ಕೆಳಗ ಬೀಳ್ತಾವ.”

“ಹಂಗಿದ್ರ ಜೀಪೇ ಬೇಸ್ ಬಿಡು.”

ಕಾಕಾ ಒಂದು ಟ್ರ್ಯಾಕ್ಟರ್ ನಿಲ್ಲಿಸಿ ಬಾಟಲಿಯಲ್ಲಿ ಡೀಸೆಲ್ ಇಸಕೊಂಡರು. ಒಮ್ಮೆ ಬರಿದಾದ ಡೀಸೆಲ್ ಇಂಜಿನ್ನಿಗೆ ಅಷ್ಟು ಸಾಲದು, ಪೈಪಿನಲ್ಲಿ ಹೊಕ್ಕ ಗಾಳಿಯನ್ನೂ ತೆಗೆಯಬೇಕು. ಗಾಳಿ ನಿಧಾನವಾಗಿ ಹೊರಬಂತು. ನಾವು ಸ್ಟೇಷನ್ ಮುಟ್ಟಿದಾಗ ರೈಲು ಹೋದ ಪ್ಲಾಟ್‌ಫಾರ್ಮ್ ಗುಡಿಸುತ್ತಿದ್ದರು. ಆಯಿ ತನ್ನ ಗಂಟಿನಿಂದ ಒಂದು ರೊಟ್ಟಿ ತೆಗೆದು ನನ್ನ ಕೈಗಿಟ್ಟು ಹೋದಳು.

ಕೇಂದ್ರಕ್ಕೆ ಮೇಲ್ ಬರೆದೆ. ವಾಹನದ ತೊಂದರೆ ಎಂದಷ್ಟೇ ಬರೆದೆ. ಇಂಧನ ತಪಾಸಣೆಯಲ್ಲಿ ಎಡವಟ್ಟಾಯಿತು ಎಂದು ಪೈಲಟ್ ಪರೀಕ್ಷೆಯವರಿಗೆ ಬರೆಯುವುದು ಸರಿ ಕಾಣಲಿಲ್ಲ. ಮುಂದಿನ ತಂಡದ ಜೊತೆ ಬರಬಹುದು, ಅದೂ ತಪ್ಪಿದರೆ ಇನ್ನೊಂದು ಅವಕಾಶ ಇಲ್ಲ ಎಂದು ಉತ್ತರ ಬಂತು. ಅವರು ಕೊಟ್ಟ ದಿನ ನೋಡಿದರೆ, ಅದೂ ಅಮಾವಾಸ್ಯೆಯ ಮರುದಿನ.

ಆ ಮುಂಜಾನೆ ಮತ್ತೆ ಪಕ್ಕದ ಸೀಟಿನಲ್ಲಿ ಕೂತೆ. ಮೀಟರಿನ ಮೇಲೆ ಹೊಸ ವಿಭೂತಿ ಬೆಳ್ಳಗೆ ಹೊಳೆಯುತ್ತಿತ್ತು.

“ಡೀಸೆಲ್?”

“ಅದ.”

“ಎಷ್ಟದರಿ ಕಾಕಾ?”

ನಮ್ಮ ಮನೆಯಲ್ಲಿ ಹಿರಿಯರು ‘ಅದ’ ಎಂದ ಮೇಲೆ ‘ಎಷ್ಟು’ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ನಿಮ್ಮ ಮಾತಿನ ಮೇಲೆ ನಂಬಿಕೆಯಿಲ್ಲ ಎಂದ ಹಾಗೆ. ಕಾಕಾ ನನ್ನನ್ನು ನೋಡಿದರು. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು, ಬಾಗಿಲಲ್ಲಿ ನಿಂತಿದ್ದ ಚಿಗವ್ವನ ಕಡೆ ನೋಡಿದರು.

“ಒರಸ್ಲೇನ?”

“ಮುಟ್ಟಬ್ಯಾಡ್ರಿ,” ಎಂದಳು ಚಿಗವ್ವ. ತಾನೇ ಬಂದು, ಮುಳ್ಳಿರುವ ಜಾಗದ ವಿಭೂತಿಯನ್ನಷ್ಟೇ ಬೆರಳಿನಿಂದ ತೆಗೆದು ಕಾಕಾನ ಹಣೆಗೆ ಹಚ್ಚಿದಳು. “ಈಗ ನೋಡ್ರಿ.”

ಕಾಕಾ ಬಗ್ಗಿ ನೋಡಿದರು. ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು.

“ತಳದಾಗ ಅದ,” ಎಂದರು. “ಪಂಪಿಗೆ ಹೋಗಿ ಹೋಗೂನು.”

ಪಂಪಿಗೆ ಹೋದೆವು, ಸೇತುವೆ ದಾಟಿದೆವು, ರೈಲು ಸಿಕ್ಕಿತು. ಪರೀಕ್ಷೆ ಬರೆದು ಬಂದಿದ್ದೇನೆ, ಫಲಿತಾಂಶ ಇನ್ನೂ ಬಂದಿಲ್ಲ. ಚಿಗವ್ವ ಈಗ ವಿಭೂತಿಯನ್ನು ಬಾನೆಟ್ಟಿಗೆ ಹಚ್ಚುತ್ತಾಳೆ. ಕಾಕಾ ನಾನು ಕೇಳುವ ಮೊದಲೇ “ಅರ್ಧ ಅದ” ಎನ್ನುತ್ತಾರೆ. ಆದರೂ ನಾನು ಬಗ್ಗಿ ನೋಡುತ್ತೇನೆ, ಅವರು ಬೇರೆ ಕಡೆ ನೋಡುತ್ತಾರೆ.

ನೀವೂ ನೋಡದೆಯೇ ‘ನೋಡಿದೆ’ ಎಂದಿರುತ್ತೀರಿ: ಗ್ಯಾಸು, ಬೀಗ, ಪಂಪ್‌ಸೆಟ್ಟು, ಏನಾದರೂ. ಆಮೇಲೆ ಏನಾಯಿತು, ಬರೆದು ತಿಳಿಸಿ. ‘ನಮಗೂ ಆಗ್ಯಾದ’ ಎಂದಷ್ಟೇ ಬರೆದರೆ, ಎಷ್ಟು ಎಂದು ಕೇಳುತ್ತೇನೆ.