ಅತ್ತೆಯ ಸಾವಿರದ ಇನ್ನೂರು ಸಾಲು

ಆಫೀಸಿನಲ್ಲಿ ಎಲ್ಲರೂ ಅವಳನ್ನು ಕತ್ತರಿ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಪ್ರೋಗ್ರಾಂ ಬರೆದರೂ ಅವಳಿಗೆ ಹೆಸರು ಬಂದದ್ದು ಬೇರೆಯವರು ಬರೆದದ್ದನ್ನು ಅಳಿಸಿ.

ಈಗ ಅವಳ ಕೈಗೆ ಸಿಕ್ಕಿದ್ದು ಡಿಬಗ್ಗರ್, ಅಂದರೆ ಕೆಟ್ಟ ಪ್ರೋಗ್ರಾಮಿನ ಹುಳುಕು ಹುಡುಕುವ ಪ್ರೋಗ್ರಾಂ. ಯಂತ್ರಕ್ಕೆ ಗೊತ್ತಿರುವುದು ಬರೀ ವಿಳಾಸದ ಸಂಖ್ಯೆ. ಯಾವ ವಿಳಾಸದಲ್ಲಿ ಯಾವ ಕೆಲಸದ ಕೋಡು ಕೂತಿದೆ ಎಂಬ ಹೆಸರಿನ ಪಟ್ಟಿ, ಯಂತ್ರದ ಭಾಷೆಗೆ ಇಳಿಸಿದ ಪ್ರೋಗ್ರಾಂ ಇರುವ ಆಬ್ಜೆಕ್ಟ್ ಫೈಲಿನೊಳಗೆ ಇರುತ್ತದೆ. ಅದನ್ನು ಒಮ್ಮೆ ಓದಿದರೆ ಸಾಕು. ಇವರ ಡಿಬಗ್ಗರಿನಲ್ಲಿ ಒಂದು ತುಣುಕು ಓದುತ್ತಿತ್ತು. ಅದನ್ನು ನಂಬದ ಇನ್ನೊಂದು ತುಣುಕು ಮತ್ತೆ ಮೊದಲಿಂದ ಓದುತ್ತಿತ್ತು. ಈ ಎರಡನೆಯದು ಸಾವಿರದ ಇನ್ನೂರು ಸಾಲು. ಮೇಲೆ 'ಮುಟ್ಟಬೇಡಿ' ಎಂಬ ಟಿಪ್ಪಣಿ, ಕೆಳಗೆ ಅದೇ ಆಫೀಸಿನಲ್ಲಿ ನಿವೃತ್ತರಾದ ಅವಳ ಅತ್ತೆಯ ಹೆಸರು.

ಕತ್ತರಿ ಎರಡನ್ನೂ ಕಿತ್ತೆಸೆದು ತೊಂಬತ್ತು ಸಾಲಿನಲ್ಲಿ ಒಂದೇ ಒಂದನ್ನು ಬರೆದಳು. ಶುಕ್ರವಾರದೊಳಗೆ ಹಳೆಯ ಫೈಲುಗಳೆಲ್ಲ ಸರಿಯಾಗಿ ತೆರೆಯದಿದ್ದರೆ ಅಳಿಸಿದ್ದನ್ನು ವಾಪಸ್ ಇಟ್ಟು ಕೈಪಿಡಿ ಬರೆಯುವ ವಿಭಾಗಕ್ಕೆ ಹೋಗಬೇಕೆಂದು ಮ್ಯಾನೇಜರ್ ಹೇಳಿದ. ಆ ವಿಭಾಗಕ್ಕೆ ಹೋದವರು ನಿವೃತ್ತಿಯಾಗದೆ ಹೊರಬಂದದ್ದಿಲ್ಲ.

ಗುರುವಾರದ ಹೊತ್ತಿಗೆ ಒಂದು ಬಿಟ್ಟು ಎಲ್ಲವೂ ತೆರೆದವು. ಆ ಒಂದು ಯಾವುದೋ ಹಳೆಯ ಲಿಫ್ಟಿನದು. ಪ್ರೋಗ್ರಾಂ ಕೆಟ್ಟು ನಿಂತದ್ದು ಬಾಗಿಲು ಮುಚ್ಚುವ ಕೋಡಿನಲ್ಲಿ. ಡಿಬಗ್ಗರ್ ತೋರಿಸಿದ್ದು ದೀಪ ಹಚ್ಚುವ ಕೋಡಿನ ಹೆಸರನ್ನು. ಅತ್ತೆಯ ಕೋಡನ್ನು ಮೂರು ಸಲ ಓದಿದರೂ ಕಾರಣ ಸಿಗಲಿಲ್ಲ. ಅವರು ಮಾತಾಡುವುದೂ ಹಾಗೆಯೇ, ವಿಷಯ ಎಲ್ಲಿದೆ ಎಂದು ಹುಡುಕಬೇಕು.

ಸಂಜೆ ಅತ್ತೆ ಹೊದಿಕೆ ಮಡಚುತ್ತಿದ್ದರು. ಅವಳು ಇನ್ನೊಂದು ತುದಿ ಹಿಡಿದು, ಬಿಗುಮಾನ ಬದಿಗಿಟ್ಟು ಕೇಳಿದಳು.

"ಫೈಲು ಕಟ್ಟೋ ಹಳೇ ಲಿಂಕರ್ ಹೆಸರುಗಳನ್ನ ವಿಳಾಸದ ಕ್ರಮದಲ್ಲಿ ಇಡ್ತಿರಲಿಲ್ಲ," ಎಂದರು ಅತ್ತೆ. "ಓದಿದ ಮೇಲೆ ಒಂದ್ಸಲ ಜೋಡಿಸ್ಕೋಬೇಕು. ಒಂದು ಸಾಲಿನ ಕೆಲಸ."

"ಮತ್ತೆ ಉಳಿದ ಸಾಲೆಲ್ಲ ಯಾಕತ್ತೆ?"

"ಮೊದಲನೇದನ್ನ ಬರೆದವನು ಆ ಸಾಲು ಸೇರಿಸೋಕೆ ಬಿಡ್ಲಿಲ್ಲ. ತನ್ನದರಲ್ಲಿ ತಪ್ಪೇ ಇಲ್ಲ ಅಂದ. ನಿನ್ನದು ನೀನೇ ಇಟ್ಕೋ ಅಂತ ನಾನು ಬೇರೇದೇ ಬರೆದೆ."

"ಯಾರವನು?"

ಅತ್ತೆ ಗದ್ದದಿಂದ ಹಜಾರದ ಕಡೆ ತೋರಿಸಿದರು. ಅಲ್ಲಿ ಮಾವ ಮುಖದ ಮೇಲೆ ಪತ್ರಿಕೆ ಹೊದ್ದು ಗೊರಕೆ ಹೊಡೆಯುತ್ತಿದ್ದರು.

"ಆಮೇಲೆ ಮದುವೆ ಆಯ್ತು. ತಪ್ಪು ಮಾತ್ರ ಇನ್ನೂ ಒಪ್ಪಿಲ್ಲ."

ಶುಕ್ರವಾರ ಕತ್ತರಿ ಆ ಒಂದು ಸಾಲು ಸೇರಿಸಿದಳು. ಡಿಬಗ್ಗರ್ ನೆಟ್ಟಗೆ ಬಾಗಿಲನ್ನೇ ತೋರಿಸಿತು. ಮ್ಯಾನೇಜರ್ ಹೊಗಳಲಿಲ್ಲ; ಕೈಪಿಡಿಯ ಮಾತನ್ನೂ ಎತ್ತಲಿಲ್ಲ.

ಮನೆಯಲ್ಲಿ ಅತ್ತೆ ಕೇಳಿದ್ದು ಒಂದೇ. "ನಿಮ್ಮ ಮಾವ ಬರೆದದ್ದೂ ಅಳಿಸಿದ್ಯಾ?"

"ಹೂಂ. ಒಂದಕ್ಷರ ಉಳಿಸಿಲ್ಲ."

"ನೀನು ಹೇಳ್ಬೇಡ, ನಾನೇ ಹೇಳ್ತೀನಿ," ಎಂದು ಅತ್ತೆ ಮಂಡಿನೋವು ಮರೆತು ಹಜಾರಕ್ಕೆ ನಡೆದು, ಮಾವನ ಮುಖದ ಮೇಲಿನ ಪತ್ರಿಕೆ ಎತ್ತಿದರು.