ಮೂತಿಯ ಮೇಲೊಂದು ಹಡಗು

ಬೆಳಗಿನ ಕಾಫಿ ಕೈಗೆ ಬರುವ ಹೊತ್ತಿಗೇ ಫೋನು ಟಿಣ್ ಎಂದಿತು. ಯಾರೋ ಹಳೆಯ ಕಾಲದ ಪೇಟೆ ಬೀದಿಯ ಸಿನಿಮಾ ತುಣುಕೊಂದನ್ನು ಕಳಿಸಿ, "ಸಾರ್, ಎಡಗಡೆ ನಿಂತಿರೋ ಕಾರು ಯಾವ್ದು, ಸ್ವಲ್ಪ ಹೇಳಿ" ಎಂದು ಕೇಳಿದ್ದರು. ಮೊದಲಾಗಿದ್ದರೆ ಕಾಫಿ ಆರಿ ನೀರಾದರೂ ಸರಿ, ಕನ್ನಡಕ ಏರಿಸಿ ಕೂತುಬಿಡುತ್ತಿದ್ದೆ. ಇವತ್ತು ಆ ಕಡೆ ನೋಡಲೂ ಮನಸ್ಸಾಗಲಿಲ್ಲ. ನಿಜ ಹೇಳಬೇಕೆಂದರೆ ನಾಚಿಕೆಯಾಯಿತು. ಯಾಕೆಂದು ಮನೆಯವರಿಗೆ ಹೇಳಲು ಮುಖವಿಲ್ಲ, ನಿಮಗೆ ಹೇಳುತ್ತೇನೆ. ನೀವು ನನ್ನ ಮುಖ ನೋಡುತ್ತಿಲ್ಲವಲ್ಲ, ಅದೊಂದು ಅನುಕೂಲ.

ನನಗೊಂದು ಹುಚ್ಚಿದೆ. ಯಾವ ಕಾಲದಲ್ಲೋ ಯಾರೋ ತೆಗೆದ ಕಪ್ಪು ಬಿಳುಪು ಚಿತ್ರಗಳು ಈಗ ಎಲ್ಲರ ಫೋನಿಗೂ ಬರುತ್ತವೆ. ಅವುಗಳಲ್ಲಿ ಉಳಿದವರು ಜಟಕಾ ಗಾಡಿ ನೋಡುತ್ತಾರೆ, ಕಚ್ಚೆಪಂಚೆ ನೋಡುತ್ತಾರೆ, "ಆಗ ಬೀದಿ ಎಷ್ಟು ಖಾಲಿ ಇತ್ತಪ್ಪ" ಎಂದು ನಿಟ್ಟುಸಿರು ಬಿಡುತ್ತಾರೆ. ನಾನು ಮಡ್‌ಗಾರ್ಡು ನೋಡುತ್ತೇನೆ. ಮೂಲೆಯಲ್ಲಿ ಒಂದು ಹಿಂದಿನ ದೀಪ ಇಣುಕಿದರೆ ಸಾಕು, ಚಿತ್ರವನ್ನು ಅಲ್ಲೇ ನಿಲ್ಲಿಸಿ, ಹಿಗ್ಗಿಸಿ, "ಇದು ಮಾರಿಸ್ ಮೈನರ್", "ಇದು ಲ್ಯಾಂಡ್‌ಮಾಸ್ಟರ್, ಅಂಬಾಸಡರ್ ಅಂತ ಯಾರೂ ಮೋಸ ಹೋಗಬೇಡಿ" ಎಂದು ತೀರ್ಪು ಕೊಡುತ್ತೇನೆ. ಇಂಥದೇ ಹುಚ್ಚಿನವರ ಗುಂಪೊಂದು ಫೋನಿನಲ್ಲಿದೆ. ಅಲ್ಲಿ ನನ್ನನ್ನು ಕಾರ್ ಮೇಷ್ಟ್ರು ಎನ್ನುತ್ತಾರೆ. ಈ ಮೇಷ್ಟ್ರಿಗೆ ಕಾರು ಓಡಿಸಲು ಬರುವುದಿಲ್ಲ. ಗೌರಿಬಿದನೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿ, ಮೊದಲು ಸೈಕಲ್ಲಿನ ಮೇಲೆ, ಆಮೇಲೆ ಸ್ಕೂಟರಿನ ಮೇಲೆ ಸವೆದವನು ನಾನು. ನನ್ನ ಹೆಂಡತಿಯಂತೂ, "ಕಾರಿನ್ ಬಾಲ ನೋಡಿ ಗುರ್ತು ಹಿಡೀತೀರ, ಮದುವೆ ಮನೇಲಿ ಎದುರಿಗ್ ಬಂದ ನನ್ ತಮ್ಮನ್ನ ಯಾರೀತ ಅಂತ ಕೇಳ್ತೀರ" ಎಂದು ಬಂದವರೆದುರಿಗೆಲ್ಲ ನನ್ನ ಮಾನ ಕಳೆಯುತ್ತಾಳೆ.

ಹೋದ ತಿಂಗಳು ಗುಂಪಿಗೆ ನಮ್ಮ ಶಿಡ್ಲಘಟ್ಟದ್ದೇ ಒಂದು ತುಣುಕು ಬಂತು. ಅರವತ್ತರ ದಶಕದ ಆರಂಭದ್ದಿರಬೇಕು. ರೇಷ್ಮೆ ವ್ಯಾಪಾರ ನೋಡಲು ಬಂದ ಯಾರೋ ತೆಗೆದದ್ದಂತೆ. ಮಾತಿಲ್ಲ, ಸದ್ದಿಲ್ಲ. ಗೂಡಿನ ಬುಟ್ಟಿ ಹೊತ್ತವರು ಹೋಗುತ್ತಾರೆ, ಒಂದು ಕಾರು ಬಂದು ನಿಲ್ಲುತ್ತದೆ. ಡ್ರೈವರು ಕಿಟಕಿಯಿಂದ ಬಲಗೈ ಆಚೆ ಹಾಕಿ, ಹೊರಗಿನ ಹಿಡಿ ತಿರುಗಿಸಿ, ಬಾಗಿಲು ತೆಗೆದು ಇಳಿಯುತ್ತಾನೆ. ಹೆಗಲ ಮೇಲಿನ ಟವೆಲ್ಲಿನಿಂದ ಕಾರಿನ ಮೂತಿ ಒರೆಸಿ, ಅದನ್ನು ಮತ್ತೆ ಹೆಗಲಿಗೆ ಎಸೆದುಕೊಂಡು ಚಿತ್ರದಿಂದಾಚೆ ನಡೆದುಹೋಗುತ್ತಾನೆ. ಮುಖ ಒಂದು ಸಲವೂ ನಮ್ಮ ಕಡೆ ತಿರುಗುವುದಿಲ್ಲ. ನಾನು ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಬಾಗಿಲಿನ ಹಿಡಿ ನೋಡಿದೆ, ಚಕ್ರದ ಬಿಲ್ಲೆ ನೋಡಿದೆ, ಮೂತಿಯ ಮೇಲೆ ಕೂತ ಪುಟ್ಟ ಹಡಗಿನ ಗೊಂಬೆ ನೋಡಿದೆ. ಹಡಗಿದ್ದರೆ ಪ್ಲೈಮೌತ್, ಅನುಮಾನವೇ ಇಲ್ಲ. ಹಾಗೆಂದು ಬರೆದು ಹಾಕಿದೆ. ಮೆಚ್ಚುಗೆಯ ಹೆಬ್ಬೆರಳುಗಳು ಬಂದು ಬಿದ್ದವು.

ಮಾರನೆಯ ದಿನ ಚಿಂತಾಮಣಿಯಿಂದ ಸರೋಜಮ್ಮ ಎನ್ನುವವರು ಫೋನ್ ಮಾಡಿದರು. ನನಗಿಂತ ಸ್ವಲ್ಪ ಚಿಕ್ಕವರು. ಗುಂಪಿನಲ್ಲಿದ್ದ ಅವರ ಮಗ ನನ್ನ ನಂಬರು ಕೊಟ್ಟಿದ್ದನಂತೆ.

"ಸಾರ್, ನಮ್ಮಪ್ಪ ಶಿಡ್ಲಘಟ್ಟದಲ್ಲಿ ಟ್ಯಾಕ್ಸಿ ಓಡಿಸ್ತಿದ್ರು. ನಾನು ಕೈಗೂಸಾಗಿದ್ದಾಗ್ಲೇ ಜ್ವರ ಬಂದು ಹೋಗ್ಬಿಟ್ರು. ಮದುವೆ ಹೆಣ್ಣುಗಂಡನ್ನೆಲ್ಲ ಫೋಟೋ ತೆಗ್ಸಕ್ಕೆ ಸ್ಟುಡಿಯೋಗ್ ಕರ್ಕೊಂಡ್ ಹೋಗ್ತಿದ್ರಂತೆ, ಅವ್ರದ್ದೇ ಒಂದ್ ಫೋಟೋ ಇಲ್ಲ ಸಾರ್ ಮನೇಲಿ. ಆ ಚಿತ್ರದಲ್ಲಿರೋದು ನಮ್ಮಪ್ಪಾನಾ ಅಂತ..."

"ನಿಮ್ಮ ತಂದೇದು ಯಾವ ಕಾರಮ್ಮ?"

"ಷವರ್ಲೆಟ್ಟು ಅಂತಾರೆ ಅಮ್ಮ."

"ಹಂಗಾದ್ರೆ ಅವರಲ್ಲ. ಇದು ಪ್ಲೈಮೌತ್."

"ಅಮ್ಮ ನೋಡಿದ್ ತಕ್ಷಣ ಅವರೇ ಅಂದ್ರಲ್ಲ ಸಾರ್?"

"ವಯಸ್ಸಾದೋರಲ್ವಾ. ಅವರ ಕಣ್ಣಿಗೆ ಎಲ್ಲಾ ಕಾರೂ ಒಂದೇ ಥರ ಕಾಣ್ಸುತ್ತಮ್ಮ" ಎಂದು ನಕ್ಕೆ.

ನಕ್ಕೆ, ನೋಡಿ. ಆಕೆ "ಆಗ್ಲಿ ಸಾರ್, ತೊಂದ್ರೆ ಕೊಟ್ಟೆ" ಎಂದು ಫೋನಿಟ್ಟರು. ನಾನು ಅವರ ತಂದೆಯ ಹೆಸರನ್ನು ಕೂಡ ಕೇಳಲಿಲ್ಲ. ಕಾರಿನ ಹೆಸರು ಸಿಕ್ಕಿತ್ತಲ್ಲ, ನನಗೆ ಅಷ್ಟು ಸಾಕಾಗಿತ್ತು.

ಮೊನ್ನೆ ಚಿಕ್ಕಬಳ್ಳಾಪುರದಿಂದ ಅಕ್ಕ ಬಂದಿದ್ದಳು. ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತವಳಿಗೆ ಪಾಂಡಿತ್ಯ ತೋರಿಸುವ ಚಪಲ ನನಗೆ. ಶಿಡ್ಲಘಟ್ಟದ ತುಣುಕು ಹಾಕಿದೆ. ಕಾರು ಬಂದು ನಿಂತಿತೋ ಇಲ್ಲವೋ, ಅಕ್ಕ ಬಾಯಲ್ಲಿದ್ದ ಎಲೆ ಅಡಿಕೆ ಒಂದು ಕಡೆಗೆ ಒತ್ತಿಕೊಂಡು ಕೂಗಿದಳು.

"ಅಯ್ಯೋ, ಮುನಿಯಪ್ಪಣ್ಣ ಅಲ್ವೇನೋ ಇದು! ನೋಡು, ಆಚೆಗ್ ಕೈ ಹಾಕಿ ಬಾಗ್ಲು ತೆಗೀತಾವ್ರೆ!"

"ಯಾವ ಮುನಿಯಪ್ಪಣ್ಣ? ಇದು ಪ್ಲೈಮೌತ್ ಕಣಕ್ಕ, ಮೂತಿ ಮೇಲೆ ಹಡಗು ನೋಡು."

"ನಿನ್ ಪ್ಲೈಮೌತಿಗಿಷ್ಟು ಬೆಂಕಿ ಹಾಕ! ಹುಣಸೇಮರಕ್ಕೆ ಗುದ್ದಿದ್ ಮೇಲಲ್ವೇನೋ ಆ ಹಡಗು ಬಂದಿದ್ದು? ಕಾರೊಳಗ್ ನೀನೇ ಕೂತಿದ್ಯಲ್ಲೋ! ಬಾಯ್ ಬಡ್ಕೊಂಡ್ ಅತ್ತಿದ್ದು ಮರ್ತೋಯ್ತಾ?"

ಮರೆತಿತ್ತು. ಅವಳು ಹೇಳಿದ ಮೇಲೆ ಒಂದೊಂದಾಗಿ ಬಂತು, ಬಂದಷ್ಟೂ ಮೈ ಹಿಡಿಯಾಯಿತು. ಆಗ ನಮ್ಮ ತಂದೆ ಶಿಡ್ಲಘಟ್ಟದಲ್ಲಿ ಸ್ಕೂಲ್ ಮೇಷ್ಟ್ರು. ಅಜ್ಜಿಯ ಮನೆ ಮಂಡಿಕಲ್ಲಿನಲ್ಲಿ. ಬಸ್ಸು ತಪ್ಪಿದರೆ ಮುನಿಯಪ್ಪಣ್ಣನ ಟ್ಯಾಕ್ಸಿಯೇ ಗತಿ. ಟ್ಯಾಕ್ಸಿಯೆಂದರೆ ನೀವು ಈಗಿನದನ್ನು ನೆನೆಸಿಕೊಳ್ಳಬೇಡಿ. ಮಹಾಯುದ್ಧಕ್ಕೂ ಮೊದಲಿನ ಅಮೆರಿಕದ ದೊಡ್ಡ ಕಾರು. ಒಳಗೆ ಜನದ ಮೇಲೆ ಜನ, ಮೇಲೆ ರೇಷ್ಮೆ ಗೂಡಿನ ಮೂಟೆ, ಮಕ್ಕಳಿಗೆ ಯಾರದಾದರೂ ತೊಡೆಯೇ ಸೀಟು. ಗೂಡಿನ ಕಮಟು, ಪೆಟ್ರೋಲಿನ ವಾಸನೆ, ಯಾರದೋ ಬಾಯಿಯ ಬೀಡಿ ಎಲ್ಲ ಬೆರೆತು ನನಗೆ ಹೊಟ್ಟೆ ತೊಳಸುತ್ತಿತ್ತು. "ನಿಂಬೆಹಣ್ಣು ಮೂಸ್ತಾ ಇರಪ್ಪ, ನನ್ ಕಾರಿಗ್ ಅಭಿಷೇಕ ಮಾಡ್ಬೇಡ" ಎನ್ನುತ್ತಿದ್ದ ಮುನಿಯಪ್ಪಣ್ಣ. ಅವನ ಕಡೆಯ ಬಾಗಿಲು ಒಳಗಿನಿಂದ ತೆಗೆಯಲು ಬರುತ್ತಿರಲಿಲ್ಲ. ಕೈ ಆಚೆ ಹಾಕಿ ತೆಗೆದುಕೊಂಡು ತಾನಿಳಿದು, ಬಂದು ನಮ್ಮ ಬಾಗಿಲು ತೆಗೆದು, "ಇಳೀರಿ ದೊರೆ" ಎನ್ನುತ್ತಿದ್ದ. ಹರಿದ ಚಡ್ಡಿ ಹಾಕಿದ ನಾನೂ ದೊರೆಯೇ.

ಒಂದು ಬೇಸಿಗೆಯ ಮಧ್ಯಾಹ್ನ ಚಿಕ್ಕಬಳ್ಳಾಪುರದ ದಾರಿಯಲ್ಲಿ ಕರುವೊಂದು ಅಡ್ಡ ಬಂತು. ಅದನ್ನು ಉಳಿಸಲು ಹೋಗಿ ಮುನಿಯಪ್ಪಣ್ಣ ಕಾರನ್ನು ಹುಣಸೆಮರಕ್ಕೆ ಕೊಟ್ಟ. ಯಾರಿಗೂ ಏನೂ ಆಗಲಿಲ್ಲ. ಅಜ್ಜಿಗೆಂದು ಒಯ್ಯುತ್ತಿದ್ದ ಚಕ್ಕುಲಿ ಪುಡಿಯಾಯಿತು, ಅಷ್ಟೆ. ಕಾರಿನ ಮೂತಿ ಮಾತ್ರ ಜಜ್ಜಿಹೋಗಿ ನೀರು ಸುರಿಯುತ್ತಿತ್ತು. ನಾನು "ಕಾರ್ ಸತ್ತೋಯ್ತು" ಎಂದು ರಸ್ತೆಯಲ್ಲಿ ಹೊರಳಾಡಿ ಅತ್ತೆ. ಅವನ ಅನ್ನವೇ ಆ ಮರಕ್ಕೆ ಒರಗಿ ನಿಂತಿತ್ತು. ಆದರೂ ನನ್ನನ್ನು ಎತ್ತಿಕೊಂಡು, ಟವೆಲ್ಲಿನಿಂದ ಮೂಗು ಒರೆಸಿ, "ಸಾಯಲ್ಲ ಕಣಪ್ಪ, ಇನ್ನೂ ಚೆನ್ನಾಗಿರೋ ಮೂತಿ ಹಾಕಿಸ್ಕೊಂಡ್ ಬರ್ತೀನಿ" ಎಂದ.

ಹಾಗೇ ಮಾಡಿದ. ಆಗೆಲ್ಲ ಬಿಡಿಭಾಗ ಎಲ್ಲಿ ಸಿಗುತ್ತಿತ್ತು? ಎಲ್ಲೋ ಒಂದು ಕಾರು ಕೆಟ್ಟು ಕೂತರೆ ಅದರ ಕಣ್ಣು ಇದಕ್ಕೆ, ಇದರ ಕಿವಿ ಅದಕ್ಕೆ. ಚಿಕ್ಕಬಳ್ಳಾಪುರದ ಯಾವುದೋ ಶೆಡ್ಡಿನಲ್ಲಿ ಸತ್ತುಬಿದ್ದಿದ್ದ ಪ್ಲೈಮೌತಿನ ಮೂತಿಯನ್ನು ಬಡಿದು ಬಗ್ಗಿಸಿ ಷವರ್ಲೆಟ್ಟಿಗೆ ಕೂರಿಸಿದರು. ಅದರ ಜೊತೆ ಹಡಗೂ ಬಂತು. "ಕಾರಿಗ್ ಯಾಕಣ್ಣ ಹಡಗು?" ಎಂದರೆ, "ಕೆರೆ ಕೋಡಿ ಬಿದ್ರೆ ಅದ್ರಲ್ಲೇ ಹೋಗಣ ಕಣಪ್ಪ, ನಿಂಗೊಂದ್ ಜಾಗ ಇಟ್ಟಿರ್ತೀನಿ" ಎನ್ನುತ್ತಿದ್ದ. ಆ ಹಡಗನ್ನು ಬೆರಳಿನಿಂದ ಸವರಿ ನೋಡಿದವನು ನಾನು. ಆಮೇಲೆ ಇಂಗ್ಲಿಷ್ ಪತ್ರಿಕೆಗಳಲ್ಲಿ ಬಣ್ಣದ ಕಾರುಗಳನ್ನು ನೋಡಿ ನೋಡಿ ಮೇಷ್ಟ್ರಾದೆ, ನಾನೇ ಕೂತು ಓಡಾಡಿದ ಕಾರನ್ನು ಮರೆತೆ. ನಮ್ಮ ಕಡೆ ಅರ್ಧಕ್ಕರ್ಧ ಕಾರುಗಳ ಮೇಲೆ ಇನ್ನೊಂದರ ಮುಖ ಇರುತ್ತಿತ್ತು ಎನ್ನುವ ಇಷ್ಟು ಸಣ್ಣ ವಿಷಯ ನನ್ನ ದೊಡ್ಡ ತಲೆಗೆ ಹೊಳೆಯಲಿಲ್ಲ.

ಅಕ್ಕನ ಎದುರಿಗೇ ಸರೋಜಮ್ಮನವರಿಗೆ ಫೋನ್ ಮಾಡಿ, ಮೊದಲು ಕೇಳಬೇಕಿದ್ದುದನ್ನು ಕೇಳಿದೆ.

"ನಿಮ್ಮ ತಂದೆ ಹೆಸರೇನಮ್ಮ?"

"ಮುನಿಯಪ್ಪ ಅಂತ ಸಾರ್. ಯಾಕೆ?"

ತಪ್ಪಾಯಿತು, ಅದು ಅವರೇ ಎಂದು ಹೇಳಿ, ಹುಣಸೆಮರದ ಕಥೆ ಹೇಳಿದೆ. ಆಕೆ ಸಂತೋಷಪಡುತ್ತಾರೆ ಎಂದುಕೊಂಡಿದ್ದೆ.

"ಸಾರ್, ಅವತ್ತು ಅಣ್ಣಂದಿರು, ಅತ್ತಿಗೇರು, ಮನೆಯೋರೆಲ್ಲ ಕೂತು ನೋಡ್ತಿದ್ವಿ. ಅಮ್ಮ ಬೆರಳು ತೋರ್ಸಿ 'ನಮ್ ಯಜಮಾನ್ರು' ಅಂದ್ಬಿಟ್ರು. ಆಮೇಲೆ ನೀವ್ ಅಲ್ಲ ಅಂದ್ರಲ್ಲ, ನಾನ್ ಹೋಗ್ ಹೇಳ್ದೆ. ಆವತ್ತಿಂದ ಅಮ್ಮ ಫೋನಿನ್ ಕಡೆ ತಿರುಗ್ ನೋಡಿಲ್ಲ. 'ಯಾರೋ ಪರಗಂಡಸ್ನ ಸೊಸೆದೀರ್ ಮುಂದೆ ನಮ್ಮೋರು ಅಂದ್ಬಿಟ್ನಲ್ಲೇ, ಈ ವಯಸ್ನಲ್ಲಿ ನಂಗೇನ್ ಬಂತೇ' ಅಂತಾರೆ. ಸೊಸೆದೀರ್ ಮುಂದೆ ಕೂತು ಊಟಾನೂ ಮಾಡ್ತಿಲ್ಲ ಸಾರ್."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗಂಡನ ಒಂದು ಫೋಟೋವೂ ಇಲ್ಲದೆ ಇಷ್ಟು ವರ್ಷ ಅವನ ಮುಖ ಜೋಪಾನ ಮಾಡಿಕೊಂಡಿದ್ದ ಹೆಂಗಸು. ಬೆನ್ನು ನೋಡಿ ಗುರುತು ಹಿಡಿದರು. ನಾನು ಕಾರಿನ ಮೂತಿ ನೋಡಿ ಅವರನ್ನು ಸುಳ್ಳು ಮಾಡಿದೆ. ಸುಳ್ಳು ಮಾಡಿದ್ದಷ್ಟೇ ಅಲ್ಲ, ಮಾನವಂತೆಯೊಬ್ಬಳು ಸೊಸೆಯರ ಮುಂದೆ ತಲೆ ತಗ್ಗಿಸುವ ಹಾಗೆ ಮಾಡಿದೆ. ಎಲೆ ಅಡಿಕೆ ಉಗಿದು ಬಂದ ಅಕ್ಕ, "ಹೋಗ್ ಕಾಲಿಗ್ ಬೀಳು" ಎಂದಳು.

ನಿನ್ನೆ ಬೆಳಿಗ್ಗೆ ಬಸ್ಸು ಹತ್ತಿದೆ. ಚಿಕ್ಕಬಳ್ಳಾಪುರ ದಾಟಿದ ಮೇಲೆ ಕಿಟಕಿಗೆ ಅಂಟಿಕೊಂಡು ಕೂತರೂ ಆ ಹುಣಸೆಮರ ಎಲ್ಲಿತ್ತೆಂದು ತಿಳಿಯಲಿಲ್ಲ. ರಸ್ತೆ ಅಗಲವಾಗಿ ಮರಗಳೇ ಇಲ್ಲ. ಚಿಂತಾಮಣಿಯಲ್ಲಿ ಸರೋಜಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ಅವರ ತಾಯಿ ಲಕ್ಷ್ಮಮ್ಮನವರು ನಡುಮನೆಯ ಗೋಡೆಗೆ ಒರಗಿ ಅವರೆಕಾಯಿ ಬಿಡಿಸುತ್ತಿದ್ದರು. ನನ್ನನ್ನು ನೋಡಿ ತಲೆಯ ಮೇಲೆ ಸೆರಗು ಎಳೆದುಕೊಂಡು, ತೆಲುಗಿನಲ್ಲಿ "ರಾ ನಾಯನಾ" ಎಂದು ಒಳಗೆ ಕರೆದರು. ಕುರ್ಚಿ ಹಾಕಿದ್ದರು. ನಾನು ನೆಲದ ಮೇಲೆ ಕೂತೆ.

"ಅಮ್ಮ, ನಿಮ್ದೇನೂ ತಪ್ಪಿಲ್ಲ. ತಿಳೀದೆ ಮಾತಾಡ್ದೋನು ನಾನು."

"ಬಿಡಪ್ಪ, ಅದ್ನೆಲ್ಲ ಯಾಕ್ ಕೆದಕ್ತೀಯ" ಎಂದು ಕಾಯಿಯ ಮೇಲಿನ ಕಣ್ಣು ತೆಗೆಯಲಿಲ್ಲ.

"ಅವರು ಮುನಿಯಪ್ಪಣ್ಣಾನೇ ಅಮ್ಮ. ಹುಣಸೇಮರಕ್ಕೆ ಗುದ್ದಿದ್ರಲ್ಲ, ಅವತ್ತು ಕಾರಲ್ಲಿ ನಾನೂ ಇದ್ದೆ."

ಅವರ ಕೈ ನಿಂತಿತು. ನಿಧಾನವಾಗಿ ತಲೆಯೆತ್ತಿ ನನ್ನ ಮುಖವನ್ನು, ಈ ಸುಕ್ಕುಗಟ್ಟಿದ ಮುಖವನ್ನು, ಹುಡುಕಿದರು.

"ಕಾರು ಸತ್ತೋಯ್ತು ಅಂತ ಅತ್ತ ಮೇಷ್ಟ್ರ ಮಗ ನೀನೇನಾ? ಮನೆಗ್ ಬಂದು ಹೇಳಿದ್ರಪ್ಪ ಅವ್ರು. ದಾರೀಲ್ ಹೋಗೋರೆಲ್ಲ ಬೈದ್ರು, ಆ ಒಂದ್ ಹುಡುಗ ಮಾತ್ರ ನಮ್ ಕಾರಿಗೋಸ್ಕರ ಅತ್ತ ಕಣೇ, ಅಂತ. ಸಾಯೋ ತನಕ ಹೇಳ್ತಾನೇ ಇದ್ರು."

ಅವನು ಸಾಯುವ ತನಕ ನನ್ನನ್ನು ನೆನೆಸಿಕೊಂಡಿದ್ದ. ನಾನು ಅವನನ್ನೇ ತೋರಿಸಿ ಇವನಲ್ಲ ಎಂದಿದ್ದೆ. ಫೋನು ತೆಗೆದು ಸರೋಜಮ್ಮನ ಕೈಗೆ ಕೊಟ್ಟೆ, ಅವರು ಚಿತ್ರ ಹಾಕಿದರು.

"ಈ ಸಲ ಸರ್ಯಾಗ್ ನೋಡಿದ್ಯೇನಪ್ಪ?" ಎಂದರು ಲಕ್ಷ್ಮಮ್ಮನವರು. ಚುಚ್ಚಿ ಕೇಳಿದ್ದಲ್ಲ, ಹೆದರಿ ಕೇಳಿದ್ದು.

"ನೋಡಿದ್ದೀನಮ್ಮ."

ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನು ಹಿಡಿದುಕೊಂಡರು. ಕಾರು ಬಂತು. ಕೈ ಆಚೆ ಬಂತು. ಅವನು ಇಳಿದ, ಒರೆಸಿದ, ಟವೆಲ್ಲು ಎಸೆದುಕೊಂಡ, ಹೋದ. ನಾನು ಮೊದಲ ಸಲ ಕಾರನ್ನು ಬಿಟ್ಟು ಅವನನ್ನು ನೋಡಿದೆ; ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದ, ಅದು ನನ್ನ ಕಣ್ಣಿಗೆ ಒಂದು ಸಲವೂ ಬಿದ್ದಿರಲಿಲ್ಲ.

"ಇನ್ನೊಂದ್ ಸಲ ಬರಕ್ ಹೇಳಪ್ಪ" ಎಂದರು.

ಬಂದ. ಮತ್ತೆ ಬಂದ. ಅವರಿಗೆ ಸಾಕಾಗುವ ತನಕ ಬಂದ. ಅಡುಗೆಮನೆಯಲ್ಲಿ ಸೊಸೆಯರು ಪಾತ್ರೆ ಸದ್ದು ಮಾಡುತ್ತಿದ್ದರು. ಆ ಕಡೆ ಒಂದು ಸಲ ನೋಡಿ, ಲಕ್ಷ್ಮಮ್ಮನವರು ನನ್ನ ಕಡೆ ಬಾಗಿ, ಮೆಲ್ಲಗೆ ಕೇಳಿದರು.

"ಈಗ ನಮ್ ಯಜಮಾನ್ರು ಅಂದ್ರೆ ತಪ್ಪಿಲ್ವೇನಪ್ಪ?"

ತಮ್ಮ ಗಂಡನನ್ನು ಗಂಡ ಎನ್ನಲು ನನ್ನ ಅಪ್ಪಣೆ ಕೇಳುತ್ತಿದ್ದರು. ಆ ನಾಚಿಕೆ ಇನ್ನೂ ಮೈಯಲ್ಲಿದೆ, ಹೋಗುವಂಥದ್ದಲ್ಲ. ಹೂಂ ಎನ್ನಲು ನಾನ್ಯಾರು? ಆದರೆ ಅವರು ನನ್ನ ಬಾಯನ್ನೇ ನೋಡುತ್ತ ಕಾಯುತ್ತಿದ್ದರು.

"ಧಾರಾಳವಾಗಿ ಅನ್ನಿ ಅಮ್ಮ" ಎಂದೆ.

ಲಕ್ಷ್ಮಮ್ಮನವರು ಗೋಡೆ ಬಿಟ್ಟು ನೆಟ್ಟಗೆ ಕೂತರು. ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ತಳ್ಳಿ, ಅಡುಗೆಮನೆಗೆ ಕೇಳುವ ಹಾಗೆ, ಸೊಸೆಯರಿಬ್ಬರನ್ನೂ ಹೆಸರು ಹಿಡಿದು ಕರೆದರು.