ಸೀನು ತಡೆದು ಕಟ್ಟಿದ ಕತ್ತರಿಗಳು

ಹೊರಗೆ ಇನ್ನೂ ನಸುಕು. ಮ್ಯಾಂಚೆಸ್ಟರಿನ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ, ದೀಪವಿರುವ ಭೂತಗನ್ನಡಿಯ ಕೆಳಗೆ ಸಿದ್ದವ್ವ ಒಂದೊಂದೇ ಕತ್ತರಿಯನ್ನು ತೆರೆದು ಮುಚ್ಚಿ ನೋಡುತ್ತಿದ್ದಾರೆ. ಆಪರೇಷನ್ನಿನ ಕತ್ತರಿ, ಇಕ್ಕಳಗಳೆಲ್ಲ ತೊಳೆದು ಬಂದ ಮೇಲೆ ಇವರ ಕಣ್ಣು ದಾಟಿಯೇ ಹೋಗಬೇಕು. ಟ್ರೇಯಲ್ಲಿ ಜೋಡಿಸಿ, ನೀಲಿ ಹೊದಿಕೆಯಲ್ಲಿ ಸುತ್ತಿ, ಕ್ರಿಮಿ ಕೊಲ್ಲುವ ಹಬೆಯ ಯಂತ್ರಕ್ಕೆ ಕಳಿಸುವವರೂ ಇವರೇ. ಮೇಲಿನ ಮಹಡಿಯ ಸರ್ಜನ್ನರು ಇವರ ಮುಖ ಕಂಡಿಲ್ಲ.

"ಟ್ರೇ ಮ್ಯಾಲೆ ಒಂದ ಸೀನು ಬಿತ್ತಂದ್ರ ಮುಗೀತ್ರಿ. ಪೂರಾ ಮತ್ತ ತೊಳ್ಯಾಕ ಹೋಗಬೇಕು" ಎನ್ನುತ್ತಾರೆ. ಇಳಕಲ್ಲಿನ ಮಾತು ಇನ್ನೂ ನಾಲಗೆ ಬಿಟ್ಟಿಲ್ಲ.

ಇವರ ಕಾಯಿಲೆಯೂ ಸೀನೇ. ವಸಂತ ಬಂತೆಂದರೆ ಮೂಗು ಕಟ್ಟುತ್ತದೆ, ಸೋರುತ್ತದೆ, ಸಾಲು ಸಾಲು ಸೀನು. ಮಾತ್ರೆ ನುಂಗಿದರೆ ಕಣ್ಣೆಳೆಯುತ್ತದೆ, ಮೂಗಿನ ಸ್ಪ್ರೇಯಿಂದ ಗುಣ ಕಂಡಿರಲಿಲ್ಲ. ಹೋದ ಏಪ್ರಿಲ್‌ನಲ್ಲಿ ಒಂದೇ ಪಾಳಿಯಲ್ಲಿ ಮೂರು ಟ್ರೇ ವಾಪಸ್ಸಾದವು. ಸೂಪರ್‌ವೈಸರ್ ಇವರನ್ನು ಟ್ರಾಲಿ ತೊಳೆಯುವ ಕಡೆ ಹಾಕಿದ. "ಬೈದಿದ್ರ ಚಲೋ ಇತ್ತು. ಸುಮ್ಮನ ಎಬ್ಬಿಸಿ ಕಳಿಸಿದ್ನಲ್ಲ, ಅದಕ್ಕ ಅಳು ಬಂತು."

ಯಾರೋ ಹೇಳಿದರೆಂದು ಅದೇ ಊರಿನ ಫಾಲೋಫೀಲ್ಡ್ ಬಡಾವಣೆಯ ಚೀನೀ ವೈದ್ಯೆ ಮಿಸೆಸ್ ಫಂಗ್ ಬಳಿ ಹೋದರು. ಆಕೆ ನಾಲಗೆ ನೋಡಿ, ಎರಡೂ ಕೈಯ ನಾಡಿ ಹಿಡಿದು, ಒಳಗೆ ಗಾಳಿ ಹೊಕ್ಕಿದೆ ಎಂದರಂತೆ. "ನಮ್ಮ ಕಡೆ ಗಾಳಿ ಹೊಕ್ಕೈತಿ ಅಂದ್ರ ದೆವ್ವ ಬಡಕೊಂಡೈತಿ ಅಂತರಿ! ಆಕಿಗೆ ಹೆಂಗ ತಿಳಿಸಿ ಹೇಳ್ಲಿ?" ವಾರಕ್ಕೊಮ್ಮೆ ಮೂಗಿನ ಪಕ್ಕ, ಹೆಬ್ಬೆರಳ ಬುಡದಲ್ಲಿ ಸೂಜಿ. ಮನೆಯಲ್ಲಿ ಮಣ್ಣಿನ ವಾಸನೆಯ ಕಹಿ ಕಷಾಯ.

ಸಿದ್ದವ್ವನ ಜಿಪಿ, ಎಂದರೆ ಮಾಮೂಲಿ ಡಾಕ್ಟರು, ರಾಜೇಶ್ವರಿ ಮೈಸೂರಿನವರು. "ಸೂಜಿ ಬೇಡ ಅನ್ನಲ್ಲಮ್ಮ. ಆದ್ರೆ ಏನಿದೆ ಅಂತ ಗೊತ್ತಿಲ್ಲದ ಕಷಾಯ ಕುಡೀಬೇಡಿ, ನಿಮ್ಮ ಬಿಪಿ ಮಾತ್ರೆ ಜೊತೆ ಆಗದೇ ಇರಬಹುದು. ಎಲ್ಲಿ, ಮೂಗಿನ ಸ್ಪ್ರೇ ಹೆಂಗೆ ಹೊಡ್ಕೋತೀರಿ ತೋರ್ಸಿ" ಎಂದರು. ಇಷ್ಟು ವರ್ಷ ಜೋರಾಗಿ ಎಳೆದು ಔಷಧವನ್ನೆಲ್ಲ ಗಂಟಲಿಗೇ ಇಳಿಸುತ್ತಿದ್ದರೆಂದು ಅಂದು ತಿಳಿಯಿತು. ಕಷಾಯ ನಿಂತಿತು. ಸೂಜಿ ಮುಂದುವರಿಯಿತು, ಸ್ಪ್ರೇ ಸರಿಯಾಯಿತು.

ಆಗಸ್ಟ್ ಹೊತ್ತಿಗೆ ಸೀನು ಅಡಗಿತು. ಕತ್ತರಿಯ ಟೇಬಲ್ಲೂ ಮರಳಿ ಸಿಕ್ಕಿತು. ಯಾವುದರಿಂದ? ಸ್ಪ್ರೇ ಕೆಲಸ ಮಾಡಿರಬೇಕು, ಪರಾಗದ ಕಾಲವೂ ಮುಗಿಯಿತಲ್ಲ ಎನ್ನುತ್ತಾರೆ ರಾಜೇಶ್ವರಿ. ಗಾಳಿ ಹೊರಟುಹೋಯಿತು ಎನ್ನುತ್ತಾರೆ ಫಂಗ್. ಬರುವ ವಸಂತಕ್ಕೆ ಸೂಜಿ, ಸ್ಪ್ರೇ ಒಂದೊಂದೇ ಬಿಟ್ಟು ನೋಡು ಎಂದು ಮಗಳು ಅರ್ಪಿತಾ ಇಂಗ್ಲಿಷಿನಲ್ಲಿ ಹೇಳುತ್ತಾಳೆ.

"ಬಿಟ್ಟ ನೋಡಾಕ ನಾ ಏನ್ ಪ್ರಯೋಗದ ಇಲಿಯೇನ್ರಿ?" ಸಿದ್ದವ್ವ ನಗುತ್ತಾರೆ. ನಗು ಇಳಿದ ಮೇಲೂ ಹುಬ್ಬು ಗಂಟಿಕ್ಕಿಯೇ ಇರುತ್ತದೆ. "ಉಪಕಾರ ಯಾರಿಗೆ ಹೇಳಬೇಕೋ ತಿಳೀವಲ್ದು. ಇಬ್ಬರಿಗೂ ಒಂದೊಂದ ಡಬ್ಬಿ ಕರದಂಟು ಕೊಟ್ಟ ಬಂದೇನಿ."

ಬರುವ ಏಪ್ರಿಲ್‌ನಲ್ಲಿ ಏನಾಗುತ್ತದೋ ಅವರಿಗೆ ಗೊತ್ತಿಲ್ಲ. "ಈ ಟೇಬಲ್ಲಿನಿಂದ ಎಬ್ಬಿಸದಿದ್ರ ಸಾಕ್ರಿ. ಮೂಗಿಂದು ನನಗ ಏನೂ ತಿಳಿಯಂಗಿಲ್ಲ. ಈ ಕೆಲಸ ತಿಳೀತೈತಿ."

ಮತ್ತೊಂದು ಟ್ರೇ ಎಳೆದುಕೊಳ್ಳುತ್ತಾರೆ.